ಹಳೆಯ ದಫ್ತರ, ಹೊಸ ಯಂತ್ರ ಮತ್ತು ಕಡತದ ಅಳತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಊರುಗಳಿಂದ ನಮ್ಮ ಶಾಲೆಗೆ ಬಂದು ಕಲಿತು ಹೋದ ಹೆಣ್ಣುಮಕ್ಕಳು ತಮ್ಮ ಶಾಲೆ ಬಿಟ್ಟ ದಾಖಲೆಯ ಸಲುವಾಗಿ ಈಗಲೂ ಕಚೇರಿಗೆ ಬರುತ್ತಿರುವರು. ಅವರಲ್ಲಿ ಅನೇಕರು ಕೇಳುವ ಪ್ರಶ್ನೆಯೊಂದುಂಟು: "ಅಕ್ಕೋರೇ, ಎಲ್ಲಾ ಕಂಪ್ಯೂಟರ್‌ನ್ಯಾಗ ಐತಿ ಅಂತೀರಿ, ಹಂಗಾದ್ರ ಒಂದು ಹೆಸರು ತಗೀಲಿಕ್ಕೆ ಎಂಟು ದಿನ ಯಾಕ ಬೇಕು?" ಪ್ರಶ್ನೆಯು ನ್ಯಾಯವಾದದ್ದೇ. ಪಾಲಕರೊಬ್ಬರು ಇನ್ನೂ ಮುಂದಕ್ಕೆ ಹೋಗಿ, ೫೦೦ ಜಿ.ಬಿ.ಯ ಹೊಸ ಯಂತ್ರವು ಬರಿದಾಗಿ ಕುಳಿತಿರಲು "ಸ್ಥಳ ಸಾಲದು" ಎಂದು ಅದೇ ಯಂತ್ರವು ಹೇಳುವದೆಂದರೆ ಯಾರು ನಂಬಬೇಕು ಎಂದು ಕೇಳಿದರು. ಈ ಎರಡೂ ಪ್ರಶ್ನೆಗಳಿಗೆ ಉತ್ತರವು ಒಂದೇ ಆಗಿರುವದರಿಂದ ಅದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಬೇಕೆಂದು ಮಾಡಿರುವೆವು. ಗಣಕಯಂತ್ರದ ಬಳಕೆಯಿಲ್ಲದ ತಾಯಂದಿರಿಗೂ ತಿಳಿಯುವಂತೆ ಬರೆಯಲು ಯತ್ನಿಸುವೆವು. ಬಲ್ಲವರು ನಮ್ಮ ನಿಧಾನವನ್ನು ಸಹಿಸಿಕೊಳ್ಳಲಿ.

ಮೊದಲು ದಾಖಲೆಯ ಮಾತು. ನಮ್ಮ ಜಿಲ್ಲೆಯು ೧೯೫೬ರ ವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ಈ ಭಾಗದ ಹಳೆಯ ಶಾಲೆಗಳಲ್ಲಿ ಪ್ರವೇಶದ ಪುಸ್ತಕಕ್ಕೆ ಜನರಲ್ ರಜಿಸ್ಟರ್ ಎಂಬ ಹೆಸರೇ ರೂಢಿಯಲ್ಲಿ ಉಳಿದಿದೆ. ಹುಡುಗಿಯ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಹುಟ್ಟಿದ ಊರು, ತಾಲೂಕು, ಶಾಲೆಗೆ ಬಂದ ದಿನ, ಬಿಟ್ಟ ದಿನ ಇವೆಲ್ಲ ಅದರೊಳಗೆ ಒಂದೇ ಸಾಲಿನಲ್ಲಿ ಇರುತ್ತವೆ. ಮದುವೆಯಾದ ಮೇಲೆ ಹೆಸರೂ ಊರೂ ಕೂಡಿಯೇ ಬದಲಾಗುವದು ನಮ್ಮ ಹೆಣ್ಣುಮಕ್ಕಳ ಪಾಲಿಗೆ ಬಂದ ಸಂಗತಿಯಾಗಿದೆ. ತವರಿನ ಹೊಲದಲ್ಲಿ ಪಾಲು ಕೇಳುವಾಗಲಾಗಲಿ, ಪಿಂಚಣಿಯ ಅರ್ಜಿ ಕೊಡುವಾಗಲಾಗಲಿ, ತಾನು ಇಂಥ ತಂದೆಯ ಮಗಳು, ಇಂಥ ಊರವಳು ಎಂದು ತೋರಿಸಲು ಎಷ್ಟೋ ಜನರಿಗೆ ಈ ಒಂದು ಸಾಲಿನ ಹೊರತು ಬೇರೆ ಕಾಗದವಿಲ್ಲ. ಕೆಲವರ ಪಾಲಿಗಂತೂ ಊರೂ ಇಲ್ಲ. ೧೯೬೪ರಲ್ಲಿ ಅಡಿಗಲ್ಲು ಹಾಕಿದ ಆಲಮಟ್ಟಿಯ ಅಣೆಕಟ್ಟು ೨೦೦೫ರಲ್ಲಿ ಪೂರ್ಣವಾಯಿತು. ಕೃಷ್ಣೆಯ ದಂಡೆಯ ಊರುಗಳು ಅದರ ಹಿನ್ನೀರಿನಲ್ಲಿ ಮುಳುಗಿ, ಜನರು ಪುನರ್ವಸತಿಯ ಊರುಗಳಿಗೆ ಹೋದರು. ಇನ್ನು ಬಿಜಾಪುರವು ೨೦೧೪ರಲ್ಲಿ ವಿಜಯಪುರವಾಯಿತು. ಆ ಮೇಲೆ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ, ಸಿಂದಗಿಯಿಂದ ದೇವರ ಹಿಪ್ಪರಗಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಬೇರೆ ತಾಲೂಕುಗಳಾದವು. ಹೀಗಿರಲಾಗಿ ಹಳೆಯ ದಾಖಲೆಯಲ್ಲಿ ಇದ್ದುದನ್ನು ಇದ್ದಂತೆಯೇ ಬರೆದು ಕೊಡಬೇಕಲ್ಲದೆ ಇಂದಿನ ನಕಾಶೆಗೆ ತಕ್ಕಂತೆ ತಿದ್ದಿ ಕೊಡುವ ಅಧಿಕಾರವು ಯಾವ ಮುಖ್ಯಾಧ್ಯಾಪಕಿಗೂ ಇರುವದಿಲ್ಲ.

ಕಾಗದದ ರಜಿಸ್ಟರುಗಳಲ್ಲಿ ಕೆಲವಕ್ಕೆ ಗೆದ್ದಲು ಹತ್ತಿ ಪುಟಗಳು ಹಾಳಾದವು. ಆದರೆ ಅದಕ್ಕೆ ಮುಂಚೆಯೇ, ೧೯೯೦ರ ದಶಕದಲ್ಲಿ, ಆ ಪುಟಗಳ ಹೆಸರುಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಡಲಾಗಿತ್ತು. ಆದುದರಿಂದ ಹಾಳಾದ ಪುಟಗಳ ಮಟ್ಟಿಗೆ ಈಗ ಆ ಕಡತವೇ ಮೂಲ ದಾಖಲೆಯಂತೆ ಆಗಿ ನಿಂತಿದೆ. ಆ ಕಾಲದ ಯಂತ್ರವು ಡಾಸ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿತ್ತು. ಡಾಸ್‌ಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಪುಣೆಯ ಸಿ-ಡ್ಯಾಕ್ ಸಂಸ್ಥೆಯವರ ಜಿಸ್ಟ್ ಎಂಬ ಕಾರ್ಡನ್ನು ಯಂತ್ರದ ಒಳಗೆ ಕೂಡಿಸಿ ಕನ್ನಡವನ್ನು ಪಡೆಯಬೇಕಾಗಿತ್ತು. ಆ ಯಂತ್ರವು ಕೆಟ್ಟಿತು. ಕಾರ್ಡೂ ಅದರೊಡನೆ ಹೋಯಿತು. ಉಳಿದದ್ದು ಕಡತ, ಮತ್ತು ಆ ಕಡತವನ್ನು ತೆರೆಯಬಲ್ಲ ಹಳೆಯ ತಂತ್ರಾಂಶ. ಇಂದಿನ ೬೪ ಬಿಟ್ಟಿನ ವಿಂಡೋಸ್ ಯಂತ್ರವಾದರೋ ಅಂಥ ತಂತ್ರಾಂಶವನ್ನು ಬಾಗಿಲಲ್ಲಿಯೇ ತಿರುಗಿಸಿ ಕಳುಹಿಸುವದು.

ಇಲ್ಲಿ ನೆರವಿಗೆ ಬರುವದೇ ಎಮ್ಯುಲೇಟರ್, ಅಂದರೆ ಅನುಕರಣ ಯಂತ್ರ. ಇದು ಕೈಯಿಂದ ಮುಟ್ಟುವ ಯಂತ್ರವಲ್ಲ. ತಾನೇ ಒಂದು ತಂತ್ರಾಂಶ. ನಮ್ಮ ಭಾಗದ ಪಾರಿಜಾತದ ಆಟದಲ್ಲಿ ಗಂಡಸು ಸತ್ಯಭಾಮೆಯ ವೇಷ ಹಾಕಿ ಬಂದರೆ ಆಟ ಮುಗಿಯುವ ವರೆಗೆ ಉಳಿದ ಪಾತ್ರಗಳೆಲ್ಲ ಅವನನ್ನು ಸತ್ಯಭಾಮೆಯೆಂದೇ ತಿಳಿದು ಮಾತನಾಡುವವಷ್ಟೆ? ಹಾಗೆಯೇ ಹೊಸ ಯಂತ್ರವು ಹಳೆಯ ಯಂತ್ರದ ವೇಷವನ್ನು ಧರಿಸಿ ಹಳೆಯ ತಂತ್ರಾಂಶದ ಎದುರಿಗೆ ನಿಲ್ಲುವದು. ೨೦೦೨ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಎಂಬದು ಈ ಬಗೆಯದು. ಅದು ಧರ್ಮಾರ್ಥವಾಗಿ ದೊರೆಯುವದು. ಹಳೆಯ ಆಟಗಳನ್ನು ಆಡುವದಕ್ಕಾಗಿ ಅದನ್ನು ಮಾಡಿದರಂತೆ. ಆಟಕ್ಕೆಂದು ಮಾಡಿದ ವಸ್ತುವು ದಫ್ತರಕ್ಕೆ ಒದಗಿತೆಂದು ನಮಗೇನೂ ಸಂಕೋಚವಿಲ್ಲ. ಹೊಸ ಯಂತ್ರದ ಯಾವುದಾದರೊಂದು ಕಪಾಟನ್ನು, ಅಂದರೆ ಫೋಲ್ಡರನ್ನು, ತೋರಿಸಿದರೆ ಅದನ್ನೇ ಹಳೆಯ ತಂತ್ರಾಂಶಕ್ಕೆ "ಇದೇ ನಿನ್ನ ಸಿ ಡ್ರೈವ್" ಎಂದು ಹೇಳಿ ನಂಬಿಸುವದು.

ಈಗ "ಸ್ಥಳ ಸಾಲದು" ಎಂಬ ಮಾತಿಗೆ ಬರುವೆವು. ಇದನ್ನು ತಿಳಿಯಬೇಕಾದರೆ ರಜಿಸ್ಟರನ್ನೇ ನೆನೆಯಿರಿ. ನಂಬರಿನ ಕಲಮಿನಲ್ಲಿ ನಾಲ್ಕು ಅಂಕಿಗಳಿಗೆ ಮಾತ್ರ ಮನೆ ಹಾಕಿದ್ದರೆ ೯,೯೯೯ನೆಯ ಹುಡುಗಿಯ ವರೆಗೆ ಸರಿಯಾಗಿ ನಡೆಯುವದು. ಹತ್ತು ಸಾವಿರನೆಯವಳು ಬಂದಾಗ ಶಾಲೆಯಲ್ಲಿ ಕುಳ್ಳಿರಿಸಲು ಜಾಗವಿದ್ದರೂ ಪುಸ್ತಕದಲ್ಲಿ ಬರೆಯಲು ಮನೆಯಿರುವದಿಲ್ಲ. ಮೊದಲಿನ ಒಂದು ಹೊರಗೆ ಬಿದ್ದು ಬರಿಯ ನಾಲ್ಕು ಸೊನ್ನೆ ಉಳಿಯುವವು. ಗಣಕಯಂತ್ರವು ೦ ಮತ್ತು ೧ ಎಂಬ ಎರಡೇ ಅಂಕಿಗಳಿಂದ ಎಣಿಸುವದು. ಅದರ ಲೆಕ್ಕದಲ್ಲಿ ೩೨ ಮನೆಗಳಿದ್ದರೆ ೪,೨೯,೪೯,೬೭,೨೯೫ರ ವರೆಗೆ ಬರೆಯಬಹುದು. ಆ ೩೨ರಲ್ಲಿ ಒಂದು ಮನೆಯನ್ನು ಜಮೆಯೋ ಖರ್ಚೋ ಎಂಬ ಗುರುತಿಗಾಗಿ ತೆಗೆದಿಟ್ಟರೆ ೨,೧೪,೭೪,೮೩,೬೪೭ರ ವರೆಗೆ ಮಾತ್ರ. ಮೊದಲಿನದು ಸುಮಾರು ೪ ಜಿ.ಬಿ., ಎರಡನೆಯದು ಸುಮಾರು ೨ ಜಿ.ಬಿ. ಆಗುವದು. ಇಂದು ಎಲ್ಲರ ಬಾಯಲ್ಲಿರುವ ೨ ಜಿ.ಬಿ., ೪ ಜಿ.ಬಿ. ಮಿತಿಗಳ ಹುಟ್ಟು ಇಲ್ಲಿಯೇ. ಅವು ಉಗ್ರಾಣದ ಅಳತೆಗಳಲ್ಲ, ಉಗ್ರಾಣಿಕನ ಪುಸ್ತಕದ ಕಲಮಿನ ಅಳತೆಗಳು.

ಇಪ್ಪತ್ತು ಎಂ.ಬಿ.ಯ ಹಾರ್ಡ್ ಡಿಸ್ಕೇ ಶ್ರೀಮಂತಿಕೆಯೆನಿಸಿದ ಕಾಲದಲ್ಲಿ ತಂತ್ರಾಂಶ ಬರೆದವರು ೨ ಜಿ.ಬಿ.ಗೆ ಮೇಲ್ಪಟ್ಟ ಸ್ಥಳವನ್ನು ಕನಸಿನಲ್ಲಿಯೂ ನೆನೆಯಲಿಲ್ಲ. ಹೀಗಾಗಿ ಅಂಥ ತಂತ್ರಾಂಶಕ್ಕೆ ೩ ಜಿ.ಬಿ. ಬರಿದಾಗಿದೆಯೆಂದು ನಿಜವನ್ನು ಹೇಳಿದರೆ, ಗುರುತಿನ ಮನೆಯು ತುಂಬಿಕೊಂಡು, ಅದು ೧ ಜಿ.ಬಿ. ಸಾಲದಲ್ಲಿದೆಯೆಂದು ಓದಿಕೊಳ್ಳುವದು, ಸರಿಯಾಗಿ ೪ ಜಿ.ಬಿ. ಎಂದರೆ ಸೊನ್ನೆಯೆಂದು ಓದಿಕೊಳ್ಳುವದು. ಈ ತೊಡಕನ್ನು ಅರಿತೇ ಡಾಸ್‌ಬಾಕ್ಸ್ ಮಾಡಿದವರು ಒಂದು ಉಪಾಯವನ್ನು ಹೂಡಿರುವರು. ಬೇರೆ ಅಪ್ಪಣೆ ಇಲ್ಲದಿದ್ದರೆ ಅದು ಯಂತ್ರದಲ್ಲಿ ಎಷ್ಟೇ ಸ್ಥಳವಿರಲಿ, ಬರಿದಾಗಿರುವದು ೨೬,೨೧,೧೧,೭೪೪ ಬೈಟು, ಅಂದರೆ ಸುಮಾರು ೨೫೦ ಎಂ.ಬಿ. ಮಾತ್ರವೆಂದು ಹಳೆಯ ತಂತ್ರಾಂಶಕ್ಕೆ ಹೇಳುವದು. ಪಾಲಕರು ಕಂಡ ಸೋಜಿಗಕ್ಕೆ ಇದೇ ಕಾರಣ. ಕೆಲಸಕ್ಕೆ ಮೊದಲು ಸ್ಥಳವನ್ನು ಕೇಳಿ ನೋಡುವ ತಂತ್ರಾಂಶಕ್ಕೆ ೨೫೦ ಎಂ.ಬಿ.ಗಿಂತ ಹೆಚ್ಚು ಬೇಕಾದರೆ ಅದು ಆ ಮಾತನ್ನು ನಂಬಿ ನಿಂತುಬಿಡುವದು. ಕೇಳದೆ ಬರೆಯುವಂಥದು ಬರೆಯುತ್ತಲೇ ಹೋಗುವದು, ಯಾಕಂದರೆ ಅದು ಬರಿಯ ಹೇಳಿಕೆಯೇ ಹೊರತು ಗೋಡೆಯಲ್ಲ. ಫೋಲ್ಡರನ್ನು ತೋರಿಸುವ ಅಪ್ಪಣೆಯ ಕೊನೆಗೆ ಫ್ರೀಸೈಜ್ ಎಂಬ ಮಾತನ್ನೂ ೧೦೦೦ ಎಂಬ ಸಂಖ್ಯೆಯನ್ನೂ ಸೇರಿಸಿದರೆ ಅದು ೧,೦೦೦ ಎಂ.ಬಿ. ಬರಿದಾಗಿದೆಯೆಂದು ಹೇಳುವದು. ನಮ್ಮ ಕೆಲಸಕ್ಕೆ ಇಷ್ಟು ಸಾಕಾಯಿತು. ಇನ್ನೂ ಉದಾರವಾಗಿ ಹೇಳಹೋಗುವದು ಬೇಡ. ಹಳೆಯ ತಂತ್ರಾಂಶಕ್ಕೆ ಅದರ ಕಲಮಿನಲ್ಲಿ ಹಿಡಿಯುವಷ್ಟೇ ಸಂಪತ್ತನ್ನು ತೋರಿಸಬೇಕು.

ಸ್ಥಳದ ಪ್ರಶ್ನೆ ಹೀಗೆ ಬಗೆಹರಿಯಿತು. ಆದರೆ ನಮ್ಮ ಎಂಟು ದಿನಗಳಲ್ಲಿ ಹೆಚ್ಚಿನ ದಿನಗಳನ್ನು ತಿನ್ನುವದು ಕನ್ನಡದ ಅಕ್ಷರಗಳ ಅಳತೆ.

ನಾವು ಬಳಸುವ ಅನುಕರಣ ಯಂತ್ರದಲ್ಲಿ ಜಿಸ್ಟ್ ಕಾರ್ಡಿನ ವೇಷವಿಲ್ಲ. ಕಡತವು ತೆರೆಯುವದು, ಆದರೆ ಕನ್ನಡ ಕಾಣುವದಿಲ್ಲ. ಭಾರತೀಯ ಮಾನಕ ಸಂಸ್ಥೆಯವರು ೧೯೯೧ರಲ್ಲಿ ಗೊತ್ತು ಮಾಡಿದ ಇಸ್ಕಿ ಸಂಕೇತದಲ್ಲಿ ನಮ್ಮ ವ್ಯಂಜನಗಳು ಯಾವ ಸಂಖ್ಯೆಗಳನ್ನು ಪಡೆದಿರುವವೋ, ಡಾಸ್ ಯಂತ್ರವು ಅವೇ ಸಂಖ್ಯೆಗಳಲ್ಲಿ ಚೌಕಟ್ಟು ಬರೆಯುವ ಗೆರೆಗಳನ್ನು ಇಟ್ಟುಕೊಂಡಿರುವದು. ಆದಕಾರಣ ಹುಡುಗಿಯರ ಹೆಸರುಗಳೆಲ್ಲ ತೆರೆಯ ಮೇಲೆ ಹೊಲದ ಬೇಲಿಯ ಹಾಗೆ ಕಾಣುವವು. ಕಸವೆಂದು ತಿಳಿದು ಅವನ್ನು ಅಳಿಸುವ, ಅಥವಾ ಇಂದಿನ ಲೆಕ್ಕಪತ್ರದ ತಂತ್ರಾಂಶದಲ್ಲಿ ತೆರೆದು "ಸೇವ್" ಒತ್ತುವ ಆಶೆ ಕೆಲಸಗಾರರಿಗೆ ಬಹಳ. ಹಾಗೆ ಮಾಡಿದರೆ ಮುಳುಗಿದ ಊರು ಇನ್ನೊಂದು ಸಲ ಮುಳುಗಿದಂತೆಯೇ ಸರಿ. ಬೇಲಿಯಂತೆ ಕಂಡರೂ ಒಳಗಿನ ಸಂಖ್ಯೆಗಳು ಸರಿಯಾಗಿಯೇ ಇರುವವು. ಅವನ್ನು ಇಂದಿನ ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಅಷ್ಟೆ.

ಅಷ್ಟೆ ಎಂದೆವಾದರೂ ತೊಡಕು ಇರುವದು ಇಲ್ಲಿಯೇ. ಇಸ್ಕಿಯಲ್ಲಿ ಒಂದೊಂದು ಗುರುತಿಗೆ, ಅಂದರೆ ವ್ಯಂಜನಕ್ಕೊಂದು, ಕಾಗುಣಿತಕ್ಕೊಂದು, ಒತ್ತಿನ ಹಲಂತಕ್ಕೊಂದು, ಹೀಗೆ ಒಂದೇ ಬೈಟು ಸಾಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯು.ಟಿ.ಎಫ್. ೮ ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿಯೊಂದು ಗುರುತಿಗೆ ಮೂರು ಬೈಟು. ಇದು ಕನ್ನಡಕ್ಕೆ ಮಾಡಿದ ಅನ್ಯಾಯವೆಂದು ಕೆಲವರು ಹೇಳುವದುಂಟು. ನಮಗೆ ಹಾಗೆ ತೋರುವದಿಲ್ಲ. ಜಗತ್ತಿನ ಲಿಪಿಗಳೆಲ್ಲ ಒಂದೇ ಪುಸ್ತಕದಲ್ಲಿ ಕೂಡಬೇಕಾದರೆ ನಂಬರುಗಳು ದೊಡ್ಡವಾಗದೆ ಗತಿಯಿಲ್ಲ. ಆದರೆ ಹಳೆಯ ಕಡತದಲ್ಲಿ ತಾಲೂಕಿನ ಕಲಮಿಗೆ ೨೦ ಬೈಟಿನ ಅಗಲವನ್ನು ಗೊತ್ತು ಮಾಡಿಟ್ಟಿರುವರಲ್ಲ! ನಮ್ಮ ನಾಲ್ಕು ತಾಲೂಕುಗಳನ್ನೇ ಅಳೆದು ನೋಡಿರಿ. "ಇಂಡಿ"ಯಲ್ಲಿ ಗುರುತುಗಳು ೪. ಹಳೆಯ ಲೆಕ್ಕದಲ್ಲಿ ೪ ಬೈಟು, ಹೊಸ ಲೆಕ್ಕದಲ್ಲಿ ೧೨. "ಸಿಂದಗಿ"ಯಲ್ಲಿ ೬, ಹೊಸದರಲ್ಲಿ ೧೮. ಇವೆರಡೂ ೨೦ರೊಳಗೆ ಕುಳಿತವು. "ಮುದ್ದೇಬಿಹಾಳ"ದಲ್ಲಿ ಒತ್ತಕ್ಷರವನ್ನು ಬಿಡಿಸಿ ಎಣಿಸಿದರೆ ೧೧ ಗುರುತು. ಹೊಸದರಲ್ಲಿ ೩೩ ಬೈಟು. "ಬಸವನ ಬಾಗೇವಾಡಿ"ಯಲ್ಲಿ ನಡುವಿನ ತೆರಪು ಸಹಿತ ೧೩, ಹೊಸದರಲ್ಲಿ ೩೭. ಹಳೆಯ ಕಲಮಿಗೆ ಹೊಸ ಅಕ್ಷರಗಳನ್ನು ತುಂಬಿದರೆ ಇಪ್ಪತ್ತನೆಯ ಬೈಟಿಗೆ ಕತ್ತರಿ ಬೀಳುವದು. ಮುದ್ದೇಬಿಹಾಳದ ಹುಡುಗಿಯ ತಾಲೂಕು "ಮುದ್ದೇ" ಎಂದಾಗಿ ಅದರ ಬೆನ್ನಿಗೆ ಒಂದು ಮುರುಕು ಗುರುತು ನಿಲ್ಲುವದು. ಬಸವನ ಬಾಗೇವಾಡಿಯವಳದು "ಬಸವನ ಬಾ" ಎಂದಾಗುವದು. ಕಚೇರಿಯಲ್ಲಿ ಇದನ್ನು ಕಂಡು ಎಲ್ಲರೂ ನಕ್ಕರು. ಆದರೆ ತಹಸೀಲ್ದಾರರ ಮುಂದೆ ಇಂಥ ದಾಖಲೆಯನ್ನು ಹಿಡಿದು ನಿಲ್ಲುವವಳಿಗೆ ನಗು ಬರಲಾರದು. ತಂತ್ರಾಂಶವು ಈ ಕತ್ತರಿಯ ಸುದ್ದಿಯನ್ನು ಯಾರಿಗೂ ತಿಳಿಸುವದಿಲ್ಲವೆಂಬದೇ ಇದರಲ್ಲಿಯ ದೊಡ್ಡ ಅಪಾಯ.

ಇದಕ್ಕೆ ದಾರಿ ಎರಡು. ಹಳೆಯ ಕಡತದ ಪದ್ಧತಿಯಲ್ಲಿ ಒಂದು ಕಲಮನ್ನು ೨೫೪ ಬೈಟಿನ ವರೆಗೆ ಅಗಲ ಮಾಡಬಹುದು. ಆದುದರಿಂದ ೨೦ ಇದ್ದುದನ್ನು ೬೦ ಮಾಡಿ ಹೊಸ ಕಡತ ಕಟ್ಟಿದರೆ ಒಂದಕ್ಷರವೂ ಹೊರಗೆ ಬೀಳದು. ಎರಡನೆಯದು, ಹಳೆಯ ಕಡತವನ್ನು ಮುಟ್ಟದೆ ಅನುಕರಣ ಯಂತ್ರದ ಹೊರಗಿನಿಂದಲೇ ಓದಿ, ಅಗಲದ ಕಟ್ಟಿಲ್ಲದ ಸಾದಾ ಪಠ್ಯದ ಕಡತಕ್ಕೆ ಯೂನಿಕೋಡಿನಲ್ಲಿ ಬರೆದುಕೊಳ್ಳುವದು. ನಾವು ಹಿಡಿದದ್ದು ಎರಡನೆಯ ದಾರಿಯನ್ನು. ಹಳೆಯ ತಂತ್ರಾಂಶವನ್ನು ನೋಡುವದಕ್ಕೂ ತಾಳೆ ಹಾಕುವದಕ್ಕೂ ಮಾತ್ರ ಬಳಸುವೆವು. ಹೆಸರು ಹೆಸರಾಗಿ ಇಬ್ಬರು ಕುಳಿತು, ಒಬ್ಬರು ಓದುತ್ತ ಒಬ್ಬರು ನೋಡುತ್ತ ತಾಳೆ ಹಾಕುವದಕ್ಕೆ ದಿನಗಳು ಬೇಕಾಗುವವು. ಉಳಿದಿರುವ ಕಾಗದದ ಪುಟಗಳೊಡನೆಯೂ ಹೋಲಿಸಲೇಬೇಕು.

ಇನ್ನು ಕಡತವನ್ನು ಒಂದೆಡೆಯಿಂದ ಒಂದೆಡೆಗೆ ಒಯ್ಯುವ ಮಾತು. ಹಿಂದಿನ ಕಾಲದಲ್ಲಿ ಇದು ಫ್ಲಾಪಿಯ ಕೆಲಸವಾಗಿತ್ತು. ೧.೪೪ ಎಂ.ಬಿ. ಎಂದು ಕರೆಯುವ ಫ್ಲಾಪಿಯಲ್ಲಿ ಇರುವದು ೧೪,೭೪,೫೬೦ ಬೈಟು. ಒಬ್ಬ ಹುಡುಗಿಯ ಸಾಲಿಗೆ ೨೦೦ ಬೈಟು ಎಂದರೆ ಹೆಚ್ಚೆಂದರೆ ೭,೩೭೨ ಸಾಲುಗಳು ಹಿಡಿದಾವು. ಅದಕ್ಕೆ ಮೇಲ್ಪಟ್ಟರೆ ಕಡತವನ್ನು ತುಂಡು ಮಾಡಿ ಫ್ಲಾಪಿಗಳಿಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿ ಇಡುತ್ತಿದ್ದರು. ಆ ಹಳೆಯ ಯುಕ್ತಿಯೇ ಇಂದಿಗೂ ನಡೆಯುವದು. ಅಳತೆ ಮಾತ್ರ ಬೇರೆ. ಅಂಗಡಿಯಿಂದ ತಂದ ಸಾಮಾನ್ಯ ಪೆನ್ ಡ್ರೈವ್ ಬಹುಶಃ ಫ್ಯಾಟ್ ೩೨ ಎಂಬ ಪದ್ಧತಿಯಲ್ಲಿರುವದು. ೧೯೯೬ರಲ್ಲಿ ಬಳಕೆಗೆ ಬಂದ ಈ ಪದ್ಧತಿಯು ಪ್ರತಿಯೊಂದು ಕಡತದ ಗಾತ್ರವನ್ನು ೩೨ ಮನೆಗಳಲ್ಲಿ ಬರೆದಿಡುವದು. ಹೀಗಾಗಿ ೩೨ ಜಿ.ಬಿ.ಯ ಪೆನ್ ಡ್ರೈವ್ ಪೂರ್ಣ ಬರಿದಾಗಿದ್ದರೂ ೪ ಜಿ.ಬಿ. ಮುಟ್ಟಿದ ಒಂದೇ ಕಡತವು ಅದರೊಳಗೆ ಇಳಿಯದು. ಅದೇ ತೂಕದ ಹತ್ತು ಸಣ್ಣ ಕಡತಗಳನ್ನು ಹಾಕಿರಿ, ಸುಖವಾಗಿ ಇಳಿಯುವವು. ವಾರ್ಷಿಕ ಸಮ್ಮೇಳನದ ಚಲಚ್ಚಿತ್ರವನ್ನು ಒಯ್ಯಲು ಬಂದು ಬರಿಗೈಯಿಂದ ಹೋದ ಪಾಲಕರು ಈಗ ಕಾರಣವನ್ನು ಅರಿತುಕೊಂಡಿರಬಹುದು. ೨೦೦೬ರಿಂದ ಬಳಕೆಗೆ ಬಂದ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಗಾತ್ರಕ್ಕೆ ೬೪ ಮನೆಗಳಿರುವದರಿಂದ ಈ ತೊಂದರೆಯಿಲ್ಲ. ಆದರೆ ಪದ್ಧತಿಯನ್ನು ಬದಲಿಸುವಾಗ ಒಳಗೆ ಇದ್ದುದೆಲ್ಲ ಅಳಿದುಹೋಗುವದೆಂಬದನ್ನು ಮರೆಯಬಾರದು.

ಇಲ್ಲಿ ಸೂಕ್ಷ್ಮವಾದ ಒಂದು ಭೇದವುಂಟು. ಅನುಕರಣ ಯಂತ್ರಕ್ಕೆ ಫೋಲ್ಡರನ್ನು ತೋರಿಸಿದಾಗ ಹೊರಗಿನ ಪದ್ಧತಿ ಯಾವುದಿದ್ದರೂ ಹಳೆಯ ತಂತ್ರಾಂಶಕ್ಕೆ ಅದರ ಗೊಡವೆಯಿಲ್ಲ. ಹಾಗಲ್ಲದೆ, ಹಳೆಯ ಹಾರ್ಡ್ ಡಿಸ್ಕನ್ನು ಇದ್ದಂತೆಯೇ ಅಚ್ಚೊತ್ತಿ ಒಂದೇ ದೊಡ್ಡ ಕಡತವಾಗಿ, ಅಂದರೆ ಇಮೇಜ್ ಆಗಿ ಇಟ್ಟುಕೊಂಡವರಿಗೆ ಎರಡು ಮಿತಿಗಳು ಹತ್ತುವವು. ಒಳಗಿನದು ಡಾಸ್‌ನ ಫ್ಯಾಟ್ ೧೬. ಅದು ಡಿಸ್ಕನ್ನು ಸುಮಾರು ೬೫,೦೦೦ ತುಂಡುಗಳಾಗಿ ಮಾತ್ರ ಎಣಿಸಬಲ್ಲದು, ತುಂಡೊಂದಕ್ಕೆ ೩೨ ಕೆ.ಬಿ.ಯಂತೆ ಒಟ್ಟು ೨ ಜಿ.ಬಿ. ಹೊರಗಿನದು ಪೆನ್ ಡ್ರೈವಿನ ೪ ಜಿ.ಬಿ. ಒಳಗಿನ ಮಿತಿಯನ್ನು ಮೀರಬೇಕಾದರೆ ಸಿ, ಡಿ, ಇ ಎಂದು ಎರಡು ಮೂರು ಇಮೇಜುಗಳನ್ನು ಮಾಡಬೇಕು. ಹೊರಗಿನದಕ್ಕೆ ತುಂಡು ಮಾಡುವದೇ ಮದ್ದು. ಹಳೆಯ ವಿಂಡೋಸ್ ಯಂತ್ರವನ್ನೇ ಇಡಿಯಾಗಿ ಅನುಕರಿಸುವ ವಿ.ಎಂ.ವೇರ್‌ನಂಥ ತಂತ್ರಾಂಶಗಳು ತಮ್ಮ ಡಿಸ್ಕನ್ನು ೨ ಜಿ.ಬಿ.ಯ ತುಂಡುಗಳಾಗಿ ಇಡುವ ಅನುಕೂಲತೆಯನ್ನು ಕೊಟ್ಟಿರುವದು ಇದೇ ಕಾರಣಕ್ಕಾಗಿ. ಜಿಪ್ ಮಾಡಿ ಕುಗ್ಗಿಸಿದರಾಯಿತೆನ್ನುವವರಿಗೆ ಒಂದು ಮಾತು: ಜಿಪ್ ಪದ್ಧತಿಯ ಹಳೆಯ ರೂಪದಲ್ಲಿಯೂ ಅದೇ ೩೨ ಮನೆಗಳು, ಅದೇ ೪ ಜಿ.ಬಿ. ತುಂಡು ಮಾಡಿದ ಮೇಲೆ ಒಂದು ತುಂಡು ಕಳೆದರೂ ಉಳಿದವು ತೆರೆಯಲಾರವು. ಆದುದರಿಂದ ತುಂಡುಗಳ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡುವದು ಒಳ್ಳೆಯದು.

ಹಾಳಾಗದೆ ಉಳಿದ ರಜಿಸ್ಟರಿನ ಪುಟಗಳ ಚಿತ್ರಗಳನ್ನೂ ತೆಗೆಯುತ್ತಿರುವೆವು. ಒಂದು ಪುಟಕ್ಕೆ ೫ ಎಂ.ಬಿ. ಎಂದರೆ ೪೦೦ ಪುಟಗಳಿಗೆ ೨,೦೦೦ ಎಂ.ಬಿ.; ಆಗಲೇ ೨ ಜಿ.ಬಿ.ಯ ಹತ್ತಿರ ಬಂದೆವು. ಎಲ್ಲವನ್ನೂ ಕೂಡಿಸಿ ಒಂದೇ ಪುಸ್ತಕದಂತೆ ಒಂದೇ ಕಡತ ಮಾಡಿರೆಂದು ಕೆಲವರ ಸಲಹೆ. ನೋಡಲು ಚೆನ್ನವಾದರೂ ನಾವು ಒಪ್ಪಲಿಲ್ಲ. ಪುಟಕ್ಕೊಂದು ಕಡತವಿದ್ದರೆ ಯಾವ ಮಿತಿಯೂ ಹತ್ತುವದಿಲ್ಲ, ಮತ್ತು ಒಂದು ಕೆಟ್ಟರೆ ಒಂದೇ ಪುಟ ಹೋಗುವದು. ಚಿತ್ರಗಳನ್ನು ಹಳೆಯ ತಂತ್ರಾಂಶದ ಫೋಲ್ಡರಿನಲ್ಲಿ ಇಡುವದೂ ಇಲ್ಲ.

ನಕಲು ಮಾಡಿದ ಮೇಲೆ ನಕಲು ಸರಿಯಿದೆಯೇ ಎಂದು ನೋಡುವ ಕ್ರಮ ಇದು. ಕಡತದ ಬೈಟುಗಳನ್ನೆಲ್ಲ ಗಣಿಸಿ ಒಂದು ತಾಳೆ ಸಂಖ್ಯೆಯನ್ನು ಕೊಡುವ ಸಣ್ಣ ತಂತ್ರಾಂಶಗಳಿವೆ. ಫೀಯ ಹಣವನ್ನು ಸಂಜೆ ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಮೊತ್ತ ಕೂಡಿತೋ ಎಂದು ನೋಡುವಂತೆ, ಮೂಲದ ಸಂಖ್ಯೆಯೂ ನಕಲಿನ ಸಂಖ್ಯೆಯೂ ಒಂದೇ ಆದರೆ ಮಾತ್ರ ನಕಲನ್ನು ಒಪ್ಪುವೆವು. ಮೂಲ ಕಡತವನ್ನು ಬರೆಯಲು ಬಾರದಂತೆ ಬೀಗ ಹಾಕಿ ಎರಡು ಬೇರೆ ಕಟ್ಟಡಗಳಲ್ಲಿ ಇಟ್ಟಿರುವೆವು. ಅನುಕರಣ ಯಂತ್ರಕ್ಕೆ ತೋರಿಸುವದು ನಕಲನ್ನೇ.

ಕಾಗದದ ಪುಟವೂ ಹೋಗಿ, ಗಣಕದ ಸಾಲಿನಲ್ಲಿಯೂ ಮುರುಕು ಅಕ್ಷರ ಕಂಡ ಹೆಸರುಗಳು ಕೆಲವು ಉಳಿದಿವೆ. ಅವುಗಳ ಪಟ್ಟಿಯನ್ನು ಕಚೇರಿಯ ಫಲಕಕ್ಕೆ ಹಚ್ಚಿರುವೆವು. ಆ ವರುಷಗಳಲ್ಲಿ ಕಲಿತ ಹಳೆಯ ವಿದ್ಯಾರ್ಥಿನಿಯರು ತಮ್ಮ ಬಳಿ ಶಾಲೆ ಬಿಟ್ಟ ದಾಖಲೆಯ ಹಳ್ಳೆಯಾಗಲಿ, ಪ್ರಗತಿಪತ್ರವಾಗಲಿ, ಪರೀಕ್ಷೆಯ ಪ್ರವೇಶಪತ್ರವಾಗಲಿ ಇದ್ದರೆ ಅದನ್ನು ತರಬೇಕೆಂದು ಕೇಳಿಕೊಳ್ಳುವೆವು. ನಕಲು ತೆಗೆದುಕೊಂಡು ಮೂಲವನ್ನು ಆಗಲೇ ಮರಳಿ ಕೊಡುವೆವು. ದೂರದಲ್ಲಿರುವವರು ಫೋನಿನಿಂದ ಚಿತ್ರ ತೆಗೆದು ಮಕ್ಕಳ ಕೈಯಲ್ಲಿ ಪೆನ್ ಡ್ರೈವಿನಲ್ಲಿ ಕಳುಹಿಸಿದರೂ ನಡೆಯುವದು. ಅದು ಫ್ಯಾಟ್ ೩೨ ಇದ್ದರೆ ಚಿಂತೆ ಬೇಡ; ಒಂದು ಹಾಳೆಯ ಚಿತ್ರವು ೪ ಜಿ.ಬಿ.ಯ ಹತ್ತಿರಕ್ಕೂ ಬರುವದಿಲ್ಲ.